ಕತ್ತಿನ ರಕ್ತನಾಳಕ್ಕೆ ಯಾವ ಪ್ಯಾಚ್? ಬಟ್ಟೆಯದೋ, ಕಾಲಿನ ನಾಳದ್ದೋ, ದನದ ಪೊರೆಯದೋ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ನಿವೃತ್ತ ಮೇಷ್ಟ್ರು. ಹದಿನೈದು ವರ್ಷದಿಂದ ಶುಗರ್ ಇದೆ, ಮೊದಲು ಬೀಡಿ ಸೇದುತ್ತಿದ್ದರು. ಕಳೆದ ವಾರ ಬೆಳಗ್ಗೆ ಕಾಫಿ ಕುಡಿಯುವಾಗ ಬಲಗೈ ಇದ್ದಕ್ಕಿದ್ದಂತೆ ಸೋತು ಲೋಟ ಬಿತ್ತು. ಮಾತೂ ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಸಿಟಿ ಆಂಜಿಯೋ ಮಾಡಿಸಿದರೆ ಕತ್ತಿನ ಎಡಗಡೆ ಕ್ಯಾರೊಟಿಡ್ ರಕ್ತನಾಳ 80% ಕಟ್ಟಿದೆ ಎಂದರು. ಬೇಗ ಆಪರೇಷನ್ ಮಾಡಿ ಸಿಂಥೆಟಿಕ್ ಪ್ಯಾಚ್ ಹಾಕುತ್ತೇವೆ ಅನ್ನುತ್ತಾರೆ. ಇನ್ನೊಬ್ಬ ಡಾಕ್ಟರು ದನದ ಹೃದಯದ ಪೊರೆ ಒಳ್ಳೆಯದು ಎಂದರು. ತಂದೆ ಅದಕ್ಕೆ ಸುತಾರಾಂ ಒಪ್ಪುತ್ತಿಲ್ಲ. ಪ್ಲಾಸ್ಟಿಕ್ ಹಾಕಿದರೆ ಐದು ವರ್ಷದಲ್ಲಿ ದೇಹ ಅದನ್ನು ಹೊರಗೆ ತಳ್ಳುತ್ತದೆ, ಎಂಆರ್‌ಐ ಮಾಡಿಸೋಕೂ ಆಗಲ್ಲ, ಕಾಲಿನ ನಾಳವೇ ಬೆಸ್ಟ್ ಅಂತ ನೆಂಟರು ಹೇಳುತ್ತಿದ್ದಾರೆ. ತಂದೆಗೆ ಎರಡೂ ಕಾಲಿನಲ್ಲಿ ವೆರಿಕೋಸ್ ವೇನ್ಸ್ ಇದೆ. ಯಾವುದನ್ನು ಆರಿಸಬೇಕು ಗೊತ್ತಾಗುತ್ತಿಲ್ಲ. ಒಂದೆರಡು ತಿಂಗಳು ವಿಚಾರಿಸಿ ನಿರ್ಧಾರ ಮಾಡೋಣ ಅಂದುಕೊಂಡಿದ್ದೇವೆ.
— ಒಬ್ಬ ಮಗಳು, ತಿಪಟೂರು

ಉತ್ತರ: ಈ ಪತ್ರ ಬಂದ ದಿನವೇ ಇವರಿಗೆ ಒಂದು ಸಾಲಿನ ಉತ್ತರ ಕಳಿಸಿದ್ದೆ. ಯಾವ ಪ್ಯಾಚ್ ಅನ್ನುವ ಚರ್ಚೆಗಾಗಿ ಆಪರೇಷನ್ ಮುಂದೆ ಹಾಕಬೇಡಿ ಅಂತ. ಉಳಿದದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಇದೇ ಗೊಂದಲ ನನ್ನ ಕೊಠಡಿಗೆ ಬರುವ ಬಹಳ ಮನೆಯವರಲ್ಲಿ ಇರುತ್ತದೆ.

ಅಮ್ಮಾ, ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಪ್ಲಾಸ್ಟಿಕ್ಕೂ ಅಲ್ಲ, ಪೊರೆಯೂ ಅಲ್ಲ. ‘ಒಂದೆರಡು ತಿಂಗಳು’ ಅನ್ನುವ ಮಾತು. ನಿಮ್ಮ ತಂದೆಯವರಿಗೆ ಆಗಿದ್ದು ಕೈ ಜೋಮು ಹಿಡಿದದ್ದಲ್ಲ. ಎಡ ಕ್ಯಾರೊಟಿಡ್‌ನ ಒಳಗೋಡೆಯಲ್ಲಿ ಕೊಬ್ಬು, ಸುಣ್ಣ ಸೇರಿ ಗಟ್ಟಿಯಾದ ಪದರ ಬೆಳೆದಿದೆ. ಅದರ ಮೇಲ್ಮೈ ಎಲ್ಲೋ ಬಿರುಕು ಬಿಟ್ಟು, ಅಲ್ಲಿ ಸಣ್ಣದಾಗಿ ರಕ್ತ ಹೆಪ್ಪುಗಟ್ಟಿ, ಆ ಚೂರು ಮೆದುಳಿನ ಎಡಭಾಗಕ್ಕೆ ಹೋಗಿದೆ. ಬಲಗೈಯನ್ನೂ ಹೆಚ್ಚಿನವರಲ್ಲಿ ಮಾತನ್ನೂ ನಡೆಸುವುದು ಆ ಎಡಭಾಗವೇ. ಚೂರು ತಾನಾಗಿ ಕರಗಿದ್ದರಿಂದ ಹತ್ತು ನಿಮಿಷಕ್ಕೆ ಸರಿಹೋಯಿತು. ಮುಂದಿನದು ಕರಗದೇ ಇರಬಹುದು. ಹೀಗಾದ ಮೇಲಿನ ಮೊದಲ ಕೆಲವು ದಿನಗಳಲ್ಲೇ ಪೂರ್ತಿ ಸ್ಟ್ರೋಕ್ ಆಗುವ ಅಪಾಯ ಎಲ್ಲಕ್ಕಿಂತ ಜಾಸ್ತಿ. ಅದಕ್ಕೇ ಮೊದಲ ಲಕ್ಷಣ ಕಂಡ ಎರಡು ವಾರದೊಳಗೆ ಆಪರೇಷನ್ ಮುಗಿಸಿ ಅಂತ ನಾವು ಹೇಳುವುದು.

ಇದು ಸುಮ್ನೆ ಹೆದರಿಸುವ ಮಾತಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 1991ರಲ್ಲಿ ಪ್ರಕಟವಾದ ನ್ಯಾಸೆಟ್ ಅಧ್ಯಯನದಲ್ಲಿ ನಿಮ್ಮ ತಂದೆಯವರಂಥ ರೋಗಿಗಳೇ ಇದ್ದರು. ಲಕ್ಷಣ ಕಂಡವರು, 70%ಗಿಂತ ಹೆಚ್ಚು ಕಟ್ಟಿಕೊಂಡವರು. ಬರೀ ಮಾತ್ರೆಯಲ್ಲಿದ್ದವರಲ್ಲಿ ಎರಡು ವರ್ಷದೊಳಗೆ 100ಕ್ಕೆ 26 ಜನಕ್ಕೆ ಅದೇ ಬದಿಯ ಸ್ಟ್ರೋಕ್ ಆಯಿತು. ಆಪರೇಷನ್ ಮಾಡಿಸಿಕೊಂಡವರಲ್ಲಿ 100ಕ್ಕೆ 9. ಅಂದಿನಿಂದ ಮಾತ್ರೆಗಳು ಬಹಳ ಸುಧಾರಿಸಿವೆ, ಆದ್ದರಿಂದ ಇವತ್ತು ಅಂತರ ಅಷ್ಟೇ ಇರಲಿಕ್ಕಿಲ್ಲ. ಆದರೂ ಲಕ್ಷಣ ಕಂಡು ಇಷ್ಟು ಕಟ್ಟಿಕೊಂಡವರಿಗೆ ಆಪರೇಷನ್ನೇ ದಾರಿ ಅನ್ನುವುದು ಬದಲಾಗಿಲ್ಲ. ಯಾವ ಪ್ಯಾಚ್ ಹಾಕಿದರೂ ಒಂದಕ್ಕೂ ಇನ್ನೊಂದಕ್ಕೂ ಇಷ್ಟು ದೊಡ್ಡ ವ್ಯತ್ಯಾಸ ಇಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಈಗ ಪ್ಯಾಚ್ ಯಾಕೆ ಬೇಕು ನೋಡೋಣ. ಕತ್ತಿನ ಪಕ್ಕದಲ್ಲಿ ಕೊಯ್ದು ರಕ್ತನಾಳ ಬಿಡಿಸಿಕೊಳ್ಳುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ರಕ್ತದ ಓಟ ತಡೆಯುವ ಕ್ಲಾಂಪ್ ಹಾಕಿ, ನಾಳವನ್ನು ಉದ್ದಕ್ಕೆ ಸೀಳುತ್ತೇವೆ. ಒಳಗಿನ ಹಳದಿ ಪದರವನ್ನು ಗೋಡೆಯಿಂದ ಎಬ್ಬಿಸಿ, ಸಾಧ್ಯವಾದರೆ ಒಂದೇ ತುಂಡಾಗಿ ತೆಗೆಯುತ್ತೇವೆ. ಕೆಳಗೆ ಉಳಿಯುವ ಗೋಡೆ ನಯವಾಗಿ, ತಿಳಿ ಗುಲಾಬಿ ಬಣ್ಣಕ್ಕೆ ಇರುತ್ತದೆ. ಆಮೇಲೆ ಸೀಳನ್ನು ಮುಚ್ಚಬೇಕಲ್ಲ, ಪ್ರಶ್ನೆ ಏಳುವುದು ಅಲ್ಲೇ. ಮೇಲೆ ಮೆದುಳಿಗೆ ಹೋಗುವ ಒಳ ಕ್ಯಾರೊಟಿಡ್ ಬರೀ ನಾಲ್ಕೈದು ಮಿಲಿಮೀಟರ್ ಅಗಲದ ನಾಳ. ಎರಡು ಅಂಚನ್ನೂ ಹಾಗೇ ಎಳೆದು ಹೊಲಿದರೆ ಹೊಲಿಗೆಗೆ ಹೋದಷ್ಟು ಅಗಲ ಕಡಿಮೆಯಾಗುತ್ತದೆ. ಬಿಗಿಯಾದ ರವಿಕೆ ತೋಳಿಗೆ ಟೈಲರ್ ಒಂದು ಪಟ್ಟಿ ಬಟ್ಟೆ ಸೇರಿಸಿ ಹೊಲಿಯುತ್ತಾರಲ್ಲ, ಪ್ಯಾಚ್ ಮಾಡುವುದೂ ಅದೇ ಕೆಲಸ. ಹಾಗೇ ಹೊಲಿದವರಿಗಿಂತ ಪ್ಯಾಚ್ ಹಾಕಿಸಿಕೊಂಡವರಲ್ಲಿ ಆಪರೇಷನ್ ಸಮಯದ ಸ್ಟ್ರೋಕ್ ಕಡಿಮೆ, ನಾಳ ಮತ್ತೆ ಕಟ್ಟಿಕೊಳ್ಳುವುದೂ ಕಡಿಮೆ ಅನ್ನುವುದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡ ಸಂಗತಿ. ಪ್ಯಾಚ್ ಹಾಕುತ್ತೇವೆ ಎಂದ ನಿಮ್ಮ ಸರ್ಜನ್ ಸರಿಯಾದ ದಾರಿಯಲ್ಲೇ ಇದ್ದಾರೆ.

ಪ್ಯಾಚ್ ಇಲ್ಲದೆ ಮಾಡುವ ಇನ್ನೊಂದು ವಿಧಾನವೂ ಇದೆ. ಒಳ ಕ್ಯಾರೊಟಿಡ್ ಅನ್ನು ಕವಲಿನ ಹತ್ತಿರ ಅಡ್ಡಕ್ಕೆ ಕತ್ತರಿಸಿ, ಗೋಡೆಯನ್ನು ಒಳಗು ಹೊರಗು ಮಾಡಿ ಪದರ ಎಳೆದು ತೆಗೆದು, ನಾಳವನ್ನು ಮತ್ತೆ ಅಲ್ಲೇ ಹೊಲಿಯುವುದು. ಇದಕ್ಕೆ ಎವರ್ಷನ್ ಅನ್ನುತ್ತಾರೆ. ಇದು ಕೈಗೆ ಕೂತಿರುವ ಸರ್ಜನ್ ಮಾಡಿದರೆ ಫಲಿತಾಂಶ ಪ್ಯಾಚ್ ಹಾಕಿದಷ್ಟೇ ಚೆನ್ನಾಗಿರುತ್ತದೆ. ನಾಳ ಉದ್ದವಾಗಿ ಬಳುಕಿದ್ದರೆ ನಾನೇ ಇದನ್ನು ಇಷ್ಟಪಡುತ್ತೇನೆ. ಆದರೆ ಅಡಚಣೆ ಬಹಳ ಮೇಲಿನವರೆಗೆ ಹಬ್ಬಿದ್ದರೆ ಕಷ್ಟ. ಹೊರಗಿನ ವಸ್ತು ಯಾವುದೂ ಬೇಡ ಅಂತ ತಂದೆಯವರಿಗೆ ಅನ್ನಿಸಿದ್ದರೆ ‘ಎವರ್ಷನ್ ಆಗುತ್ತಾ ಸಾರ್?’ ಅಂತ ಕೇಳಿ. ಆದರೆ ರೂಢಿ ಇಲ್ಲದವರ ಕೈಯಲ್ಲಿ ಹಟ ಹಿಡಿದು ಮಾಡಿಸಬೇಡಿ.

ನೆಂಟರು ಗ್ರಾಫ್ಟ್ ಅಂತಲೂ ಹೇಳಿರಬಹುದು. ಪ್ಯಾಚ್ ಅಂದರೆ ಗೋಡೆಗೆ ಸೇರಿಸುವ ಪಟ್ಟಿ. ಗ್ರಾಫ್ಟ್ ಅಂದರೆ ಹಾಳಾದ ಭಾಗವನ್ನೇ ಕತ್ತರಿಸಿ ತೆಗೆದು ನಡುವೆ ಜೋಡಿಸುವ ಪೂರ್ತಿ ಕೊಳವೆ. ನಾಳ ಬಲೂನಿನಂತೆ ಉಬ್ಬಿದ್ದರೆ, ಕ್ಯಾನ್ಸರ್ ಗಡ್ಡೆ ನಾಳಕ್ಕೆ ಅಂಟಿದ್ದರೆ, ಹಿಂದೆ ರೇಡಿಯೇಷನ್ ಆಗಿದ್ದರೆ, ಗಾಯವಾಗಿದ್ದರೆ ಅದು ಬೇಕಾಗುತ್ತದೆ. ತಂದೆಯವರಿಗೆ ಇದರ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಒಳಗೆ ಹೋದ ಮೇಲೆ ಗೋಡೆ ತೀರಾ ತೆಳುವಾಗಿ ಹರಿದರೆ ಸರ್ಜನ್ ಕೊಳವೆಗೆ ಬದಲಾಯಿಸಬೇಕಾಗಬಹುದು. ಒಪ್ಪಿಗೆ ಪತ್ರದಲ್ಲಿ ಆ ಮಾತು ಇದ್ದರೆ ಗಾಬರಿ ಆಗಬೇಡಿ.

ಇನ್ನು ನೀವು ಕೇಳಿದ ಮಾತುಗಳು. ಪ್ಲಾಸ್ಟಿಕ್ಕನ್ನು ದೇಹ ತಳ್ಳಿಬಿಡುತ್ತದೆ ಅನ್ನುವುದು ನಿಜವಲ್ಲ. ಬೇರೆಯವರ ಕಿಡ್ನಿ ಹಾಕಿದಾಗ ದೇಹ ಅದನ್ನು ಒಪ್ಪದೆ ದಾಳಿ ಮಾಡುವ ರೀತಿ ಇಲ್ಲಿ ನಡೆಯುವುದಿಲ್ಲ. ಸಿಂಥೆಟಿಕ್ ಪ್ಯಾಚ್ ಮಾಡುವ ಪಾಲಿಯೆಸ್ಟರ್, ಟೆಫ್ಲಾನ್ ಎರಡೂ ಎಷ್ಟೋ ದಶಕಗಳಿಂದ ಲಕ್ಷಾಂತರ ಜನರ ರಕ್ತನಾಳದಲ್ಲಿವೆ. ಹೂಸ್ಟನ್‌ನ ಸರ್ಜನ್ ಮೈಕೆಲ್ ಡಿಬೇಕಿ 1950ರ ದಶಕದಲ್ಲಿ ಡೇಕ್ರಾನ್ ಅನ್ನುವ ಪಾಲಿಯೆಸ್ಟರ್ ಬಟ್ಟೆ ತಂದು, ಮನೆಯ ಹೊಲಿಗೆ ಮೆಷಿನ್ನಿನಲ್ಲಿ ತಾವೇ ಕೊಳವೆ ಹೊಲಿದು ಶುರು ಮಾಡಿದ್ದು ಇದು. ಕ್ಯಾರೊಟಿಡ್ ಪದರ ತೆಗೆಯುವ ಆಪರೇಷನ್ನನ್ನು 1953ರಲ್ಲಿ ಯಶಸ್ವಿಯಾಗಿ ಮಾಡಿದವರೂ ಅವರೇ. ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಪ್ಯಾಚ್ ಬದಲಾಯಿಸಬೇಕು ಅನ್ನುವ ನಿಯಮ ಇಲ್ಲ. ಇವುಗಳಲ್ಲಿ ಲೋಹ ಇಲ್ಲದ್ದರಿಂದ ಎಂಆರ್‌ಐಗೂ ಅಡ್ಡಿ ಇಲ್ಲ. ದೇಹ ತಳ್ಳಿತು ಅಂತ ಜನ ಹೇಳುವ ಕಥೆಗಳ ಹಿಂದೆ ಸಾಮಾನ್ಯವಾಗಿ ಇರುವುದು ಸೋಂಕು. ಸೋಂಕಿನ ಬಗ್ಗೆ ಮುಂದೆ ಹೇಳುತ್ತೇನೆ, ಅದು ನಿಜವಾದ ವಿಷಯ.

‘ಕಾಲಿನ ನಾಳವೇ ಬೆಸ್ಟ್’ ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ಸ್ವಂತ ನಾಳಕ್ಕೆ ಸೋಂಕು ತಗಲುವುದು ಕಡಿಮೆ. ಹೊಲಿಯಲೂ ಮೃದು. ಆದರೆ ಅದು ಕಡಿಮೆ ಒತ್ತಡದಲ್ಲಿ ರಕ್ತ ಸಾಗಿಸಲು ಹುಟ್ಟಿದ ತೆಳು ಗೋಡೆ. ಕತ್ತಿನಲ್ಲಿ ಪೂರ್ತಿ ಬಿಪಿ ತಾಳಬೇಕು. ಅಪರೂಪಕ್ಕೆ, 100ಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ, ಮೊದಲ ದಿನಗಳಲ್ಲೇ ಆ ಗೋಡೆ ಹರಿದುಬಿಡುತ್ತದೆ. ಹರಿದರೆ ಕತ್ತು ನಿಮಿಷಗಳಲ್ಲಿ ಊದಿ ಉಸಿರಾಟಕ್ಕೇ ಕುತ್ತು ಬರುತ್ತದೆ. ಪಾದದ ಗಂಟಿನ ಹತ್ತಿರದ ತೆಳು ನಾಳ ತೆಗೆದುಕೊಂಡಾಗ ಈ ಅಪಾಯ ಹೆಚ್ಚು. ಅದಕ್ಕೇ ನಾಳ ಬಳಸುವವರು ತೊಡೆಯಿಂದ ತೆಗೆಯುತ್ತಾರೆ. ವರ್ಷಗಳು ಕಳೆದಂತೆ ಕೆಲವರಲ್ಲಿ ಆ ಜಾಗ ಹಿಗ್ಗುವುದೂ ಉಂಟು.

ನಿಮ್ಮ ತಂದೆಯವರಿಗಂತೂ ಎರಡೂ ಕಾಲಿನಲ್ಲಿ ವೆರಿಕೋಸ್ ಇದೆ. ಅಂದರೆ ಆ ನಾಳಗಳ ಗೋಡೆ ಆಗಲೇ ಸಡಿಲವಾಗಿದೆ. ಅದನ್ನೇ ಕತ್ತಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಜೊತೆಗೆ ಶುಗರ್ ಇರುವವರ ಕಾಲಿನಲ್ಲಿ ಇನ್ನೊಂದು ಗಾಯ ಮಾಡಿದರೆ ಅದು ಒಣಗಲು ದಿನ ಹಿಡಿಯುತ್ತದೆ. ಕ್ಯಾರೊಟಿಡ್ ಕಟ್ಟಿಕೊಂಡವರಿಗೆ ಹೃದಯದ ನಾಳಗಳೂ ಕಟ್ಟಿಕೊಂಡಿರುವುದು ಸಾಮಾನ್ಯ. ನಾಳೆ ಹೃದಯದ ಬೈಪಾಸ್ ಬೇಕಾದರೆ, ಕಾಲಿನಲ್ಲಿ ಚೆನ್ನಾಗಿರುವ ಒಂದಿಷ್ಟು ನಾಳ ಉಳಿದಿದ್ದರೆ, ಅದು ಅಲ್ಲಿಗೆ ಬೇಕು.

ಟೆಫ್ಲಾನ್ ಪ್ಯಾಚ್ ಅನ್ನು ಆಸ್ಪತ್ರೆಯಲ್ಲಿ ಪಿಟಿಎಫ್‌ಇ ಅಥವಾ ಗೋರ್‌ಟೆಕ್ಸ್ ಅಂತ ಕರೆಯುತ್ತಾರೆ. ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ಅದೇ ವಸ್ತುವನ್ನು ಎಳೆದು ಹಿಗ್ಗಿಸಿ, ಕಣ್ಣಿಗೆ ಕಾಣದ ರಂಧ್ರಗಳಿರುವಂತೆ ಮಾಡಿರುತ್ತಾರೆ. ಬೆಳ್ಳಗೆ, ನಯವಾಗಿ, ಬೆರಳಿಗೆ ಸ್ವಲ್ಪ ಜಾರುವಂತಿರುತ್ತದೆ. ಇದರ ಒಂದು ತೊಂದರೆ ನಾನು ಪ್ರತಿ ಸಲ ನೋಡುತ್ತೇನೆ. ಸೂಜಿ ಹೋದ ತೂತು ದಾರದ ಸುತ್ತ ಮುಚ್ಚಿಕೊಳ್ಳುವುದಿಲ್ಲ. ಕ್ಲಾಂಪ್ ಬಿಟ್ಟ ಕೂಡಲೇ ಹೊಲಿಗೆಯ ಉದ್ದಕ್ಕೂ ಒಂದೊಂದು ತೂತಿನಿಂದಲೂ ರಕ್ತದ ಹನಿ ಮೇಲೇಳುತ್ತದೆ. ಗಾಜ್ ಒತ್ತಿ ಹಿಡಿದು ಕಾಯುತ್ತೇವೆ. ತೆಗೆದು ನೋಡುತ್ತೇವೆ. ಮತ್ತೆ ಒತ್ತುತ್ತೇವೆ. ದಾರದಷ್ಟೇ ಸಣ್ಣ ಸೂಜಿ ಇರುವ ಪಿಟಿಎಫ್‌ಇ ದಾರದಲ್ಲೇ ಹೊಲಿದರೆ ಇದು ಬಹಳ ಕಡಿಮೆಯಾಗುತ್ತದೆ. ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಕೂಡ ನುಂಗುತ್ತಿರುವವರಲ್ಲಿ ಇನ್ನೂ ಹೊತ್ತು ಹಿಡಿಯುತ್ತದೆ. ಆದರೆ ಆ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಮುಂದಿನ ಚೂರನ್ನು ತಡೆಯುತ್ತಿರುವುದೇ ಅವು. ಇನ್ನೊಂದು ಸಣ್ಣ ಸಂಗತಿ. ಪಿಟಿಎಫ್‌ಇ ರಂಧ್ರಗಳಲ್ಲಿ ಗಾಳಿ ಇರುವುದರಿಂದ ಮೊದಮೊದಲ ಡಾಪ್ಲರ್ ಸ್ಕ್ಯಾನ್‌ನಲ್ಲಿ (ನಾಳದಲ್ಲಿ ರಕ್ತದ ಓಟ ನೋಡುವ ಸ್ಕ್ಯಾನ್) ಪ್ಯಾಚಿನ ಕೆಳಗೆ ಸರಿಯಾಗಿ ಕಾಣಿಸದೇ ಇರಬಹುದು. ಆಮೇಲೆ ಸರಿಹೋಗುತ್ತದೆ.

ಪಾಲಿಯೆಸ್ಟರ್, ಅಂದರೆ ಡೇಕ್ರಾನ್ ಪ್ಯಾಚ್, ನೇಯ್ದ ಅಥವಾ ಹೆಣೆದ ಬಟ್ಟೆ. ಹೊಲಿಯಲು ಸುಲಭ, ತೂತಿನಿಂದ ರಕ್ತ ಜಿನುಗುವುದು ಕಡಿಮೆ. ಹಳೆಯ ಒಂದು ಅಧ್ಯಯನದಲ್ಲಿ ಕೊಲಾಜೆನ್ ಲೇಪಿಸಿದ ಒಂದು ಬಗೆಯ ಡೇಕ್ರಾನ್ ಹಾಕಿದವರಲ್ಲಿ ರಕ್ತ ಹೆಪ್ಪುಗಟ್ಟುವುದು, ಮತ್ತೆ ಕಟ್ಟಿಕೊಳ್ಳುವುದು ಪಿಟಿಎಫ್‌ಇಗಿಂತ ಹೆಚ್ಚು ಕಂಡಿತ್ತು. ಆಮೇಲೆ ಬಂದ ತೆಳುವಾದ ಬಗೆಗಳಲ್ಲಿ ಆ ಅಂತರ ಉಳಿಯಲಿಲ್ಲ. ಒಟ್ಟಾರೆ ನೋಡಿದರೆ ಇದು ಅದಕ್ಕಿಂತ ಖಂಡಿತ ಮೇಲು ಅಂತ ಎದೆತಟ್ಟಿ ಹೇಳುವಷ್ಟು ಪುರಾವೆ ಯಾವ ಪ್ಯಾಚಿನ ಪರವಾಗಿಯೂ ಇಲ್ಲ. ನಿಮ್ಮ ಇಬ್ಬರು ಡಾಕ್ಟರು ಬೇರೆ ಬೇರೆ ಹೇಳಿದ್ದು ಅದಕ್ಕೇ. ಇಬ್ಬರೂ ತಪ್ಪು ಹೇಳಿಲ್ಲ.

ದನದ ಹೃದಯದ ಸುತ್ತಲಿನ ಪೊರೆಯನ್ನು ಗ್ಲೂಟರಾಲ್ಡಿಹೈಡ್ ಅನ್ನುವ ರಾಸಾಯನಿಕದಲ್ಲಿ ಹದ ಮಾಡಿರುತ್ತಾರೆ. ಜೀವಕೋಶ ಉಳಿದಿರುವುದಿಲ್ಲ. ಕೈಗೆ ಬಹಳ ಚೆನ್ನಾಗಿ ಬರುತ್ತದೆ, ರಕ್ತ ಅಷ್ಟಾಗಿ ಜಿನುಗುವುದಿಲ್ಲ, ಅವತ್ತೇ ಸ್ಕ್ಯಾನ್‌ನಲ್ಲಿ ಒಳಗೆಲ್ಲ ಕಾಣುತ್ತದೆ. ಇವತ್ತು ಬಹಳ ಸರ್ಜನ್‌ಗಳು ಇದನ್ನು ಮೆಚ್ಚುವುದಕ್ಕೆ ಕಾರಣ ಇದೆ, ನಾನೂ ಮೆಚ್ಚುತ್ತೇನೆ.

ಆದರೆ ನಿಮ್ಮ ತಂದೆಯವರ ಮಾತಿಗೂ ಬೆಲೆ ಕೊಡಬೇಕು. ನಂಬಿಕೆಗೆ ಒಗ್ಗದ ವಸ್ತುವನ್ನು ಕತ್ತಿನಲ್ಲಿ ಇಟ್ಟುಕೊಂಡು ದಿನವೂ ಕೊರಗುವ ಅಗತ್ಯ ಇಲ್ಲಿ ಇಲ್ಲ, ಯಾಕೆಂದರೆ ಸರಿಸಮಾನವಾದ ಬೇರೆ ದಾರಿ ಇದೆ. ಅವರಿಗೆ ಹಳೇ ಕಾಲದವರು ಅಂತ ಯಾರೂ ಬೈಯಬೇಡಿ. ಆದರೆ ನಿಜವನ್ನು ಪೂರ್ತಿ ಹೇಳಿ. ಸಿಂಥೆಟಿಕ್ ಅಂದ ಮಾತ್ರಕ್ಕೆ ಪ್ರಾಣಿಯ ಅಂಶ ಇಲ್ಲ ಅಂತ ಅಲ್ಲ. ಬಹಳಷ್ಟು ಡೇಕ್ರಾನ್ ಪ್ಯಾಚು, ಗ್ರಾಫ್ಟುಗಳಿಗೆ ರಕ್ತ ಸೋರದಂತೆ ಕೊಲಾಜೆನ್ ಅಥವಾ ಜೆಲಟಿನ್ ಲೇಪಿಸಿರುತ್ತಾರೆ. ಅದು ಸಾಮಾನ್ಯವಾಗಿ ದನದಿಂದ ಬಂದದ್ದು. ಪ್ಯಾಕೆಟ್ಟಿನಲ್ಲಿ ಬರೆದಿರುತ್ತದೆ, ಮೊದಲೇ ಕೇಳಿ. ಸಾದಾ ಪಿಟಿಎಫ್‌ಇಯಲ್ಲಿ ಅಂಥ ಲೇಪ ಇಲ್ಲ. ಹೆಪಾರಿನ್ ಅಂಟಿಸಿದ ಪಿಟಿಎಫ್‌ಇ ಬೇರೆ, ಅದರಲ್ಲಿರುವ ಹೆಪಾರಿನ್ ಪ್ರಾಣಿಯ ಕರುಳಿನ ಒಳಪೊರೆಯಿಂದ ತೆಗೆದದ್ದು. ಹೆಚ್ಚಾಗಿ ಹಂದಿಯದು. ಆಪರೇಷನ್ ಹೊತ್ತಿನಲ್ಲಿ ಎಲ್ಲರಿಗೂ ಕೊಡುವ ಹೆಪಾರಿನ್ ಇಂಜೆಕ್ಷನ್ ಕೂಡ ಅದೇ. ಅದನ್ನು ಬಿಟ್ಟು ಆಪರೇಷನ್ ಮಾಡಿ ಅಂದರೆ ನಾನು ಒಪ್ಪುವುದಿಲ್ಲ, ಕ್ಲಾಂಪ್ ಹಾಕಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ದೇಹದಲ್ಲಿ ಕೊನೆವರೆಗೆ ಉಳಿಯುವುದು ಬೇರೆ, ಕೆಲವು ಗಂಟೆಯಲ್ಲಿ ಕರಗಿ ಹೋಗುವ ಔಷಧಿ ಬೇರೆ ಅಂತ ಬಹಳ ಹಿರಿಯರು ಒಪ್ಪಿಕೊಳ್ಳುತ್ತಾರೆ. ನಿಮ್ಮ ತಂದೆಯವರು ಏನು ಹೇಳುತ್ತಾರೋ ಅವರನ್ನೇ ಕೇಳಿ. ಅವರು ಕೂತು ತಮ್ಮ ಬಾಯಲ್ಲೇ ಸರ್ಜನ್ ಹತ್ತಿರ ಮಾತಾಡಲಿ, ಮಕ್ಕಳ ಮೂಲಕ ಬೇಡ.

ನೀವು ಕೇಳಿದ್ದು ನೇರ ಉತ್ತರ ಅಲ್ವಾ? ಕಾಲಿನ ನಾಳ ಸರಿಯಿಲ್ಲ, ಪೊರೆ ಅವರಿಗೆ ಒಗ್ಗದು. ಇಂಥವರಿಗೆ ನಾನಾದರೆ ಸಾದಾ ಪಿಟಿಎಫ್‌ಇ ಪ್ಯಾಚ್ ಹಾಕುತ್ತೇನೆ, ರಕ್ತ ನಿಲ್ಲಿಸಲು ಸ್ವಲ್ಪ ಹೆಚ್ಚು ಹೊತ್ತು ಕಾಯುತ್ತೇನೆ. ನಿಮ್ಮ ಸರ್ಜನ್‌ಗೆ ಡೇಕ್ರಾನ್ ರೂಢಿ ಇದ್ದರೆ, ಅದರ ಲೇಪದ ವಿಷಯ ತಂದೆಯವರಿಗೆ ಒಪ್ಪಿಗೆ ಆದರೆ, ಅದನ್ನೇ ಹಾಕಿಸಿ. ದಿನಾ ಹೊಲಿಯುವ ವಸ್ತುವನ್ನು ಬಿಟ್ಟು ಅಪರೂಪದ್ದನ್ನು ಹಾಕಿ ಅಂತ ಒತ್ತಾಯ ಮಾಡಬೇಡಿ. ಪ್ಯಾಚಿನ ಹೆಸರಿಗಿಂತ ಮುಖ್ಯವಾಗಿ ಕೇಳಬೇಕಾದ್ದು ಒಂದಿದೆ. ‘ಲಕ್ಷಣ ಕಂಡ ರೋಗಿಗಳಿಗೆ ನೀವು ಮಾಡಿದಾಗ ಸ್ಟ್ರೋಕ್ ಅಥವಾ ಸಾವು 100ಕ್ಕೆ ಎಷ್ಟಾಗಿದೆ?’ ಅದು 6ರ ಒಳಗಿರಬೇಕು ಅನ್ನುವುದು ಎಲ್ಲರೂ ಒಪ್ಪಿದ ಅಳತೆ. ಒಳ್ಳೆಯ ಕಡೆ ಇನ್ನೂ ಕಡಿಮೆ ಇರುತ್ತದೆ. ಈ ಪ್ರಶ್ನೆಗೆ ಸರ್ಜನ್ ಬೇಸರ ಮಾಡಿಕೊಳ್ಳಬಾರದು.

ಸ್ಟೆಂಟ್, ಅಂದರೆ ನಾಳದ ಒಳಗೆ ಕೂರಿಸುವ ಲೋಹದ ಜಾಲರಿ ಕೊಳವೆ, ಅದರ ಬಗ್ಗೆಯೂ ಯಾರಾದರೂ ಹೇಳುತ್ತಾರೆ. ಕತ್ತು ಕೊಯ್ಯುವುದಿಲ್ಲ, ನಿಜ. ಆದರೆ 2010ರಲ್ಲಿ ಪ್ರಕಟವಾದ ಕ್ರೆಸ್ಟ್ ಅಧ್ಯಯನದಲ್ಲಿ ಸ್ಟೆಂಟ್ ಹಾಕುವ ಹೊತ್ತಿನ ಸ್ಟ್ರೋಕ್ ಜಾಸ್ತಿ, ಆಪರೇಷನ್ ಹೊತ್ತಿನ ಹೃದಯಾಘಾತ ಜಾಸ್ತಿ ಕಂಡಿತು. ವಯಸ್ಸು 70 ದಾಟಿದಂತೆ ಆಪರೇಷನ್ನೇ ಮೇಲಾಯಿತು. ಹೃದಯ ತೀರಾ ದುರ್ಬಲವಾಗಿದ್ದರೆ, ಕತ್ತಿಗೆ ಹಿಂದೆ ರೇಡಿಯೇಷನ್ ಆಗಿದ್ದರೆ ನಾನೇ ಸ್ಟೆಂಟ್ ಕಡೆ ಕಳಿಸುತ್ತೇನೆ. ಹಾಗಾಗಿ ಮೊದಲು ಹೃದಯದ ಪರೀಕ್ಷೆ ಆಗಲಿ.

ಈಗ ಸೋಂಕು. ಸಿಂಥೆಟಿಕ್ ಪ್ಯಾಚಿನ ನಿಜವಾದ ಅಪಾಯ ಇದೊಂದೇ. ಸುಮಾರು 100ಕ್ಕೆ ಒಬ್ಬರಿಗೋ, ಅದಕ್ಕಿಂತ ಕಡಿಮೆಯೋ ಆಗುತ್ತದೆ. ಆದರೆ ಆದಾಗ ದೊಡ್ಡ ಕಷ್ಟ. ಚರ್ಮದ ಮೇಲೆಯೇ ಇರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇದಕ್ಕೆ ಕಾರಣ. ಕೆಲವರಲ್ಲಿ ಮೊದಲ ಎರಡು ತಿಂಗಳಲ್ಲೇ ಗಾಯ ಕೆಂಪಗಾಗಿ ಕೀವು ಬರುತ್ತದೆ. ಇನ್ನು ಕೆಲವರಲ್ಲಿ ಒಂದೆರಡು ವರ್ಷ ಕಳೆದು, ಹಳೆಯ ಕಲೆಯ ಹತ್ತಿರ ಸಣ್ಣ ತೂತಾಗಿ ನೀರು ಒಸರುತ್ತದೆ, ಅಥವಾ ಕಡಲೆಕಾಳಿನಷ್ಟು ಗಂಟು ಬಂದು ಮೆಲ್ಲಗೆ ದೊಡ್ಡದಾಗುತ್ತದೆ. ಆ ಹೊತ್ತಿಗೆ ಆಪರೇಷನ್ ಮರೆತುಹೋಗಿರುತ್ತದೆ. ಜನ ಅದನ್ನು ಕುರು ಅಂದುಕೊಂಡು ಹತ್ತಿರದ ಕ್ಲಿನಿಕ್ಕಿನಲ್ಲಿ ಕುಯ್ಯಿಸಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಗಂಟಿನ ಕೆಳಗೆ ಹೊಲಿಗೆ ಬಿಟ್ಟು ಉಬ್ಬಿದ ರಕ್ತನಾಳ ಇರಬಹುದು. ಬೆರಳಿಟ್ಟರೆ ನಾಡಿಯಂತೆ ಬಡಿಯುತ್ತದೆ. ಬ್ಲೇಡು ತಗುಲಿದರೆ ಕ್ಲಿನಿಕ್ಕಿನಲ್ಲಿ ರಕ್ತ ನಿಲ್ಲಿಸಲು ಆಗುವುದಿಲ್ಲ. ಕತ್ತಿನ ಆ ಬದಿಯಲ್ಲಿ ಎಷ್ಟು ವರ್ಷದ ಮೇಲೆ ಗಂಟು, ಒಸರು, ಕೆಂಪು ಕಂಡರೂ ನೇರ ರಕ್ತನಾಳದ ಸರ್ಜನ್ ಹತ್ತಿರ ಬನ್ನಿ. ಸೋಂಕು ಅಂತ ಖಚಿತವಾದರೆ ಪ್ಯಾಚ್ ತೆಗೆದು ಸ್ವಂತ ನಾಳದಿಂದ ಸರಿಪಡಿಸಬೇಕಾಗುತ್ತದೆ. ಕಾಲಿನ ಒಳ್ಳೆಯ ನಾಳ ಉಳಿಸಿಕೊಳ್ಳಿ ಅಂದದ್ದಕ್ಕೆ ಇದೂ ಒಂದು ಕಾರಣ.

ಇದನ್ನು ತಡೆಯಲು ನೀವು ಮಾಡಬಹುದಾದ್ದೂ ಇದೆ. ಶುಗರ್ ಹತೋಟಿಗೆ ಬರಲಿ. ಹಿಂದಿನ ದಿನ ಮನೆಯಲ್ಲಿ ಬ್ಲೇಡಿನಿಂದ ಕತ್ತು ಕೆರೆಸಿಕೊಳ್ಳುವುದು ಬೇಡ, ಸಣ್ಣ ಗೀರುಗಳಲ್ಲೇ ಬ್ಯಾಕ್ಟೀರಿಯಾ ಕೂರುತ್ತವೆ. ಕೂದಲು ತೆಗೆಯಬೇಕಿದ್ದರೆ ಆಸ್ಪತ್ರೆಯಲ್ಲೇ ಕ್ಲಿಪ್ಪರ್‌ನಿಂದ ತೆಗೆಯುತ್ತಾರೆ. ಬಾಯಲ್ಲಿ ಕೀವುಗಟ್ಟಿದ ಹಲ್ಲಿದ್ದರೆ ಮೊದಲೇ ಹೇಳಿ.

ಆಪರೇಷನ್ ಆದ ಮೇಲೆ ದನಿ ಒಡೆದಂತಾಗುವುದು, ನಾಲಿಗೆ ಒಂದು ಕಡೆ ವಾಲುವುದು ಕೆಲವರಿಗೆ ಆಗುತ್ತದೆ. ನಾಳದ ಪಕ್ಕದಲ್ಲೇ ಹಾದುಹೋಗುವ ನರಗಳಿಗೆ ಎಳೆತ ಬಿದ್ದಿರುತ್ತದೆ. ಹೆಚ್ಚಿನವರಲ್ಲಿ ವಾರಗಳಲ್ಲಿ, ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಇದಕ್ಕೂ ಪ್ಯಾಚಿಗೂ ಸಂಬಂಧ ಇಲ್ಲ. ಮನೆಗೆ ಬಂದ ಮೊದಲ ದಿನಗಳಲ್ಲಿ ಬಿಪಿ ನೋಡುತ್ತಿರಿ. ಅದೇ ಬದಿಯಲ್ಲಿ ಜೋರು ತಲೆನೋವು ಶುರುವಾದರೆ, ಬಿಪಿ ಏರಿದರೆ, ಫಿಟ್ಸ್ ಬಂದರೆ ಕಾಯಬೇಡಿ. ಬಹಳ ಕಾಲ ಕಡಿಮೆ ರಕ್ತಕ್ಕೆ ಒಗ್ಗಿದ್ದ ಮೆದುಳಿಗೆ ಒಮ್ಮೆಲೇ ಪೂರ್ತಿ ರಕ್ತ ನುಗ್ಗಿದ್ದರಿಂದ ಆಗುವ ತೊಂದರೆ ಅದು. ತಕ್ಷಣ ಬಿಪಿ ಇಳಿಸಬೇಕು. ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ ಜೀವನಪೂರ್ತಿ. ಬೀಡಿ ಮತ್ತೆ ಮುಟ್ಟುವ ಹಾಗಿಲ್ಲ. ಒಂದು ತಿಂಗಳಿಗೆ, ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಡಾಪ್ಲರ್ ಮಾಡಿಸಿ, ಬಲಗಡೆಯ ನಾಳವನ್ನೂ ಸೇರಿಸಿ. ಮೊದಲ ಎರಡು ವರ್ಷದಲ್ಲಿ ಮತ್ತೆ ಕಿರಿದಾದರೆ ಅದು ಗಾಯ ಮಾಯುವಾಗ ಒಳಪದರ ದಪ್ಪವಾಗಿದ್ದರಿಂದ. ಆಮೇಲೆ ಆದರೆ ಹಳೇ ಕಾಯಿಲೆಯೇ ಮರಳಿದ್ದು.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಮಾತಾಡಿ. ಪ್ಯಾಕೇಜಿನಲ್ಲಿ ಪ್ಯಾಚೂ ಸೇರಿದೆಯೋ, ಅದಕ್ಕೆ ಬೇರೆ ದುಡ್ಡು ಕಟ್ಟಬೇಕೋ ಕೇಳಿಕೊಳ್ಳಿ. ಬೆಲೆ ಜಾಸ್ತಿ ಇರುವ ಪ್ಯಾಚೇ ಒಳ್ಳೆಯದು ಅಂತ ಸಾಲ ಮಾಡಬೇಡಿ.

ಪ್ಯಾಚಿನ ಡಬ್ಬಿಯಲ್ಲಿ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಒಂದು ಸ್ಟಿಕ್ಕರ್ ಬರುತ್ತದೆ. ಅದನ್ನು ಆಪರೇಷನ್ ನೋಟ್ಸ್‌ಗೆ ಅಂಟಿಸುತ್ತಾರೆ. ಡಿಸ್ಚಾರ್ಜ್ ಆಗುವಾಗ ಇನ್ನೊಂದು ಕೇಳಿ ಪಡೆದು ತಂದೆಯವರ ಫೈಲಿನಲ್ಲಿ ಅಂಟಿಸಿ, ಫೋನಿನಲ್ಲೂ ಫೋಟೊ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಬೇರೆ ಊರಿನಲ್ಲಿ ಬೇರೆ ಸರ್ಜನ್ ಆ ಕತ್ತನ್ನು ನೋಡಬೇಕಾದರೆ ಅವರು ಮೊದಲು ಕೇಳುವುದೇ ಒಳಗೆ ಏನಿದೆ ಅಂತ.